ನಾಲ್ಕು ಉಸಿರಿನ ದಾರಿ

ಮುಂದಿನ ಸಾಲಿನಲ್ಲಿ ನಿಲ್ಲುವ ಆ ಮಾಸ್ತರರ ಬಲಗಾಲು ಪೂರ್ತಿ ಮಡಚುವುದಿಲ್ಲ ಎಂಬುದು ನನಗೆ ಮೊದಲ ದಿನವೇ ಗೊತ್ತಾಯಿತು. ಮಡಚದ ಕಾಲು ಇಟ್ಟುಕೊಂಡು ಅವರು ಮುಂದಿನ ಸಾಲಿನಲ್ಲೇ ಯಾಕೆ ನಿಲ್ಲುತ್ತಾರೆ ಎಂಬುದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಕೆಡಿಸುವುದನ್ನೆಲ್ಲ ಕೆಡಿಸಿಯಾಗಿತ್ತು.

ನಾನು ಭುವನೇಶ್ವರಿ. ಕಲಬುರಗಿಯಲ್ಲಿ ಒಂದು ವರ್ಷ ಯೋಗದ ಡಿಪ್ಲೊಮಾ ಮಾಡಿ ಬಂದವಳು. ಶಹಾಪುರದ ಸಮುದಾಯ ಭವನದಲ್ಲಿ ಬೆಳಿಗ್ಗೆ ಆರಕ್ಕೆ ಕ್ಲಾಸು ನಡೆಸುತ್ತೇನೆ. ಮೂರು ತಿಂಗಳ ಗುತ್ತಿಗೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಯೋಗ ಕಲಿತರೆ ಹೋಗುತ್ತದೆ ಎಂದಿದ್ದರು, ಹೋಗಲಿಲ್ಲ.

ನನಗಿದ್ದ ಆಸೆ ಒಂದೇ, ಹರಿಯುವಂಥ ಕ್ಲಾಸು. ಒಂದು ಆಸನ ಮುಗಿದದ್ದೇ ತಿಳಿಯದಂತೆ ಇನ್ನೊಂದು ಶುರುವಾಗಬೇಕು. ಉಸಿರಿನ ಜೊತೆ ಮೈ ಹೋಗಬೇಕು, ನಡುವೆ ಎಲ್ಲೂ ನಿಲ್ಲಬಾರದು. ಹದಿನಾರು ಆಸನಗಳನ್ನು ಒಂದಕ್ಕೊಂದು ಜೋಡಿಸಿ, ಬಾಣದ ಗುರುತು ಹಾಕಿ, ನೋಟ್‌ಬುಕ್ಕಿನಲ್ಲಿ ಚಂದವಾಗಿ ಬರೆದಿಟ್ಟಿದ್ದೆ.

ಬಂದವರು ನನ್ನ ನೋಟ್‌ಬುಕ್ ಓದಿಕೊಂಡು ಬಂದಿರಲಿಲ್ಲ. ಮರಿಲಿಂಗಮ್ಮ ಹೊಲದ ಕೆಲಸದವರು, ಐವತ್ತು ದಾಟಿದವರು. ನಿಂತಲ್ಲೇ ಬಗ್ಗಿ ಎರಡೂ ಅಂಗೈ ನೆಲಕ್ಕೆ ಊರುತ್ತಾರೆ, ಹಿಂದಕ್ಕೆ ಬಾಗಿ ಎಂದರೆ ಮಾತ್ರ ಸೊಂಟ ಹಿಡಿದುಕೊಳ್ಳುತ್ತಾರೆ. ಅವರ ಜೊತೆ ಅದೇ ಓಣಿಯ ಆರು ಜನ ಹೆಂಗಸರು. ಬಟ್ಟೆ ಹೊಲಿಯುವ ಕುಬ್ರಾಬೇಗಂ ಮಣಿಕಟ್ಟಿನ ಮೇಲೆ ಭಾರ ಹಾಕುವಂತಿಲ್ಲ. ಕಿರಾಣಿ ಅಂಗಡಿಯ ಮಲ್ಲಣ್ಣ ನಮ್ಮಪ್ಪನ ತಮ್ಮ, ನನಗೆ ಕಾಕಾ. ಅವರಿಗೂ ಅವರ ಕಾಲ್ಬೆರಳಿಗೂ ನಡುವೆ ಅವರ ಹೊಟ್ಟೆ ಇತ್ತು. ಸಕ್ಕರೆ ಕಾಯಿಲೆಗೆಂದು ಡಾಕ್ಟರು ಅವರನ್ನು ಕಳಿಸಿದ್ದರು, ನನ್ನ ಮೇಲೆ ಒಂದು ಕಣ್ಣಿಡಲೆಂದು ಮನೆಯವರು ಕಳಿಸಿದ್ದರು.

ಮುಂದಿನ ಸಾಲಿನ ನಟ್ಟನಡುವೆ ಬುದ್ಧಪ್ರಿಯ. ಸುರಪುರ ರಸ್ತೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು, ವಯಸ್ಸು ಮೂವತ್ತೆರಡು. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡಿದ್ದರು. ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಮುಂದೆ ಚಾಪೆ ಹಾಸಿ, ಎಲ್ಲರಿಗಿಂತ ಕೊನೆಗೆ ನೆಲ ಮುಟ್ಟುತ್ತಿದ್ದರು.

ತೊಂದರೆ ಅದಲ್ಲ. ಅವರು ನೆಲ ಮುಟ್ಟುವ ತನಕ ಹಿಂದಿನ ಹೆಂಗಸರು ಒಬ್ಬರೂ ಮುಂದಿನ ಆಸನಕ್ಕೆ ಹೋಗುತ್ತಿರಲಿಲ್ಲ. ನಾನು ಎಣಿಸುತ್ತ ಎಣಿಸುತ್ತ ಭುಜಂಗಾಸನ ತಲುಪಿ ತಲೆ ಎತ್ತಿ ನೋಡಿದರೆ, ಇಡೀ ಕ್ಲಾಸು ಅರ್ಧ ಬಗ್ಗಿ ಕಾಯುತ್ತ ನಿಂತಿರುತ್ತಿತ್ತು.

"ಎಲ್ಲಾರೂ ನನ್ನ ನೋಡಿ ಮಾಡ್ರಿ. ಮುಂದಿನವರನ್ನ ಯಾಕ ನೋಡ್ತೀರಿ?" ಎಂದೆ ಒಂದು ದಿನ.

"ನಿಮ್ಮನ್ನೂ ನೋಡಾಕತ್ತೀವಿ ಅಕ್ಕೋರ," ಎಂದರು ಮರಿಲಿಂಗಮ್ಮ. "ಮಾಸ್ತರ ಇನ್ನಾ ಬಂದಿಲ್ಲಲ್ಲ."

"ಅವರು ಬಂದಾಗ ಬರ್ತಾರ. ನೀವು ಹೋಗ್ರಿ."

"ಅದ್ಹ್ಯಾಂಗ ಹೋಗೂದ್ರಿ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಹೊಲದಾಗ ಕಸಾ ತಗ್ಯಾಕ ಸಾಲು ಹಿಡೀತೀವಿ. ಒಬ್ಬಾಕಿ ಹಿಂದ ಬಿದ್ಲಂದ್ರ ಬಾಜೂದಾಕಿ ಆಕಿ ಸಾಲಿಗೂ ಕೈ ಹಾಕ್ತಾಳ. ಎಲ್ಲಾರೂ ಕೂಡೇ ಬದುವಿಗಿ ಮುಟ್ಟೂದು. ಬಿಟ್ಟು ಹೋಗಾಕ ಬರೂದಿಲ್ರಿ."

"ಇದು ಹೊಲ ಅಲ್ಲ."

"ಸಾಲಂತೂ ಹೌದಲ್ರಿ?"

ಆಗ ಮಾಸ್ತರು ನಕ್ಕರು. ಅವರ ನಗು ಮೊದಲು ಕಣ್ಣಿಗೆ ಬರುತ್ತದೆ. ಕಣ್ಣು ಕಿರಿದಾಗಿ, ಇನ್ನೇನು ಮುಗಿಯಿತು ಎನ್ನುವಾಗ ಬಾಯಿಗೆ ಇಳಿಯುತ್ತದೆ. ಇದನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಕ್ಲಾಸು ಮುಗಿದ ಮೇಲೆ ಅವರು ಚಾಪೆ ಸುತ್ತುತ್ತ ಉಳಿದರು.

"ಮೇಡಂ, ಒಂದು ಮಾತು ಕೇಳ್ಲೇನ್ರಿ?"

"ಕೇಳ್ರಿ."

"ನಿಮ್ಮ ಒಂದು, ಎರಡು ಉದ್ದ ಇರ್ತಾವ. ಆರು, ಏಳು, ಎಂಟು ಗಿಡ್ಡ ಆಗ್ತಾವ. ಯಾಕ?"

"ಏನಂದ್ರಿ?"

"ವಾಚ್ ಹಿಡದು ನೋಡೇನಿ. ಮೊದಲಿನ ನಾಕಕ್ಕ ಹನ್ನೆರಡು ಸೆಕೆಂಡು. ಮುಂದಿನ ನಾಕಕ್ಕ ಬರೇ ಏಳು. ಅಷ್ಟು ಜಲ್ದಿ ಎಲ್ಲಿಗಿ ಹೊಂಟೀರಿ?"

ಯೋಗದ ಟೀಚರಿಗೇ ಉಸಿರಿನ ಪಾಠ! "ಅದಿರ್ಲಿ ಸರ್, ನೀವು ಯಾಕ ಮುಂದ ನಿಲ್ತೀರಿ? ಹಿಂದ ಗ್ವಾಡಿ ಅದ, ಹಿಡಕೊಂಡು ಮಾಡಬಹುದು."

"ಅದು ಬ್ಯಾರೆ ಲೆಕ್ಕ ಬಿಡ್ರಿ," ಎಂದು ಹೊರಟೇಬಿಟ್ಟರು.

ಆ ಬೇರೆ ಲೆಕ್ಕ ನನ್ನನ್ನು ಬಿಡಲಿಲ್ಲ. ರೊಟ್ಟಿ ತಿನ್ನುವಾಗ, ತಲೆ ಬಾಚುವಾಗ ಅದೇ ಯೋಚನೆ. ಕ್ಲಾಸಿನಲ್ಲಿ ಅವರನ್ನೇ ನೋಡತೊಡಗಿದೆ. ನಿಂತವರು ನೆಲಕ್ಕೆ ಹೋಗುವುದನ್ನು ನೋಡಬೇಕು. ಎಡಗೈ ಕೆಳಗೆ ಊರುತ್ತಾರೆ, ನೆಟ್ಟಗಿನ ಬಲಗಾಲು ಚಾಪೆಯ ಮೇಲೆ ಕಂಪಾಸಿನ ಹಾಗೆ ಅರ್ಧ ವೃತ್ತ ಬರೆಯುತ್ತದೆ, ಆಮೇಲೆ ಏನೋ ಆಗಿ ಕೂತಿರುತ್ತಾರೆ. ಆ ಏನೋ ಎನ್ನುವುದು ನನಗೆ ಎಷ್ಟು ನೋಡಿದರೂ ಸಿಗಲಿಲ್ಲ. ಸಿಗುವಷ್ಟು ಹೊತ್ತು ನೋಡಲು ಧೈರ್ಯವೂ ಇರಲಿಲ್ಲ, ಏಕೆಂದರೆ ನಾನು ನೋಡುವಾಗಲೆಲ್ಲ ಅವರೂ ತಲೆ ಎತ್ತುತ್ತಿದ್ದರು. ಅತ್ತ ಕಾಕಾ ಕೆಮ್ಮುತ್ತಿದ್ದರು.

ಡಿಸೆಂಬರ್ ಮೊದಲ ವಾರ ಫೋನ್ ಬಂತು. ಹತ್ತು ದಿನದಲ್ಲಿ ಯಾದಗಿರಿಯ ಜಿಲ್ಲಾ ಕಚೇರಿಯಿಂದ ಒಬ್ಬರು ಮೇಡಂ ಬಂದು ಕ್ಲಾಸು ನೋಡುತ್ತಾರಂತೆ. ಎಲ್ಲರೂ ಒಟ್ಟಿಗೆ, ನಡುವೆ ನಿಲ್ಲದೆ, ನಲವತ್ತು ನಿಮಿಷ ಮಾಡಿದರೆ ಗುತ್ತಿಗೆ ಮುಂದುವರಿಯುತ್ತದೆ. ನಾನು ಹೆದರಿದೆ. ಹೆದರಿದಾಗ ನನ್ನ ಬಾಯಿ ಬುದ್ಧಿಗಿಂತ ಮುಂದೆ ಓಡುತ್ತದೆ.

"ಸರ್, ಇವತ್ತಿಂದ ನೀವು ಹಿಂದ ಗ್ವಾಡಿ ಕಡಿ ಕುರ್ಚಿ ಮ್ಯಾಲ ಕೂಡ್ರಿ," ಎಂದೆ ಮರುದಿನ, ಎಲ್ಲರ ಎದುರಿಗೆ. "ಅಲ್ಲೇ ಕುಂತು ಕೈ ಆಡ್ಸಿದ್ರ ಸಾಕು."

ಮರಿಲಿಂಗಮ್ಮ ತಲೆ ತಗ್ಗಿಸಿದರು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಮಾಸ್ತರು ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಆಗ್ಲಿ ಮೇಡಂ," ಎಂದು ಚಾಪೆ ಸುತ್ತಿದರು. ಕುರ್ಚಿಯ ಕಡೆಗೆ ಹೋಗಲಿಲ್ಲ, ಬಾಗಿಲ ಕಡೆಗೆ ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕ್ಲಾಸು ಮಾತ್ರ ಹರಿಯಿತು! ನಲವತ್ತು ನಿಮಿಷ, ಎಲ್ಲೂ ತಡೆಯಿಲ್ಲ, ಹದಿನಾರೂ ಆಸನ. ನನಗೆ ಬೇಕಾದದ್ದು ಸಿಕ್ಕಿತ್ತು. ಮುಂದಿನ ಸಾಲಿನ ನಡುವೆ ಒಂದು ಚಾಪೆಯ ಜಾಗ ಖಾಲಿ ಇತ್ತು, ಸರಿದು ಬನ್ನಿ ಎಂದರೂ ಯಾರೂ ಬರಲಿಲ್ಲ. ಮುಗಿದ ಕೂಡಲೇ ಎಲ್ಲರೂ ಸುಮ್ಮನೆ ಎದ್ದು ಹೋಗುತ್ತಿದ್ದರು. ನಾನು ಆರಕ್ಕೆ ಹತ್ತು ನಿಮಿಷ ಇರುವಾಗಲೇ ಬಾಗಿಲು ನೋಡುತ್ತ ನಿಲ್ಲುತ್ತಿದ್ದೆ. ಮುಚ್ಚಿಡುವುದೇನು, ನನಗೆ ಆ ಮನುಷ್ಯ ಬೇಕಾಗಿದ್ದರು. ಇನ್ನು ಅವರು ಬರುವುದೇ ಇಲ್ಲವೇನೋ ಎಂದು ಹೆದರಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡೆ. ಬಲ ಮೊಣಕಾಲಿನ ಎರಡೂ ಬದಿಗೆ ಎರಡು ಮರದ ಸ್ಕೇಲು ಇಟ್ಟು, ದುಪಟ್ಟಾದಿಂದ ಬಿಗಿಯಾಗಿ ಕಟ್ಟಿದೆ. ಆಮೇಲೆ ನನ್ನದೇ ನೋಟ್‌ಬುಕ್ ತೆರೆದು ಮೊದಲಿನಿಂದ ಶುರು ಮಾಡಿದೆ. ಮೂರನೆಯ ಆಸನಕ್ಕೇ ಧಡ್ ಎಂದು ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ಮೂರನೆಯ ಸಲ ಬಿದ್ದಾಗ ಅವ್ವ ಬಾಗಿಲು ತಳ್ಳಿಕೊಂಡು ಬಂದಳು, ಕೈ ತುಂಬ ಜೋಳದ ಹಿಟ್ಟು.

"ಏನ್ ಮಾಡಾಕತ್ತೀಯವ್ವಾ?"

"ನೆಲದ ಮ್ಯಾಲ ಕೂಡಾಕ ಕಲಿಯಾಕತ್ತೇನಿ."

"ಇಪ್ಪತ್ತೆಂಟು ವರ್ಷಕ್ಕ?" ಎಂದು ಹಣೆ ಬಡಿದುಕೊಂಡು ಹೋದಳು. ಹಣೆಯ ಮೇಲೆ ಹಿಟ್ಟು ಅಂಟಿತ್ತು.

ನಾಲ್ಕನೆಯ ಸಲ ಎಡಗೈ ಊರಿ, ಕಾಲಿಗೆ ಅದರ ದಾರಿ ಬಿಟ್ಟುಕೊಟ್ಟೆ. ಅದು ತಾನಾಗಿ ಸುತ್ತು ಬಂತು. ಸೊಂಟ ಹಿಂದೆಯೇ ತಿರುಗಿತು, ನೆಲ ಪಕ್ಕದಿಂದ ಮೆಲ್ಲಗೆ ಬಂದು ಮುಟ್ಟಿತು. ನಾಲ್ಕು ಉಸಿರು ಹಿಡಿದಿತ್ತು. ನಾಲ್ಕರಲ್ಲೂ ನಾನು ಎಲ್ಲೂ ನಿಂತಿರಲಿಲ್ಲ. ಹರಿಯುವುದು ಎಂದು ನಾನು ಇಷ್ಟು ದಿನ ಹುಡುಕುತ್ತಿದ್ದುದನ್ನು ಆ ಮನುಷ್ಯ ದಿನಾ ನನ್ನ ಕಣ್ಣೆದುರಿಗೇ ಮಾಡುತ್ತಿದ್ದರು, ನಾನು ಅದಕ್ಕೆ ತಡೆ ಎಂದು ಹೆಸರಿಟ್ಟಿದ್ದೆ.

ಮರುದಿನ ಎಂಟೂವರೆಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಮಾಸ್ತರು ಸುರಪುರದ ಬಸ್ಸಿಗೆ ಕಾಯುತ್ತ ಕಂಬಕ್ಕೆ ಒರಗಿ ನಿಂತಿದ್ದರು.

"ಸರ್, ತಪ್ಪಾತು. ನಾ ಕಾಲು ನೋಡಿ ಅಂದೆ."

"ಗೊತ್ತದ್ರಿ."

"ಗೊತ್ತಿದ್ರ ಯಾಕ ಬರಲಿಲ್ಲ?"

"ನಮ್ಮಪ್ಪ ಶಾಲ್ಯಾಗ ಎಲ್ಲಾರ ಹಿಂದ, ಬಾಗಲ ಹೊರಗ ಕುಂತು ಓದಿದವ. ಬೋರ್ಡ್ ಮ್ಯಾಲಿಂದು ಕಾಣ್ತಿರಲಿಲ್ಲಂತ. ನಾ ಶಾಲಿಗಿ ಹೊಂಟ ದಿನ ಒಂದೇ ಮಾತು ಹೇಳ್ದ. ಎಲ್ಲಿಗಿ ಹೋದ್ರೂ ಜಲ್ದಿ ಹೋಗು, ಮುಂದ ಕೂಡು. ಇಪ್ಪತ್ತಾರು ವರ್ಷ ಆತು ಮೇಡಂ. ಹಿಂದ ಕೂಡಾಕ ನನಗ ಬರೂದೇ ಇಲ್ಲ. ನೀವು ಕಾಲಿಗಿ ಹೇಳಿದ್ರಿ, ಖರೆ. ಆದರ ಕೇಳಿಸ್ಕೊಂಡಿದ್ದು ನಾ ಒಬ್ಬನೇ ಅಲ್ಲ, ನಮ್ಮಪ್ಪನೂ ಕೇಳಿಸ್ಕೊಂಡಂಗಾತು."

ಕಾಲು ನೋಡಿ ಹೇಳಿದ್ದು ನಿಜ. ಆದರೆ ನಮ್ಮ ಮನೆಯಲ್ಲಿ ಕೆಲವರನ್ನು ಹೊರಗಿನ ಕಟ್ಟೆಯ ಮೇಲೇ ಕೂರಿಸಿ ಮಾತಾಡಿ ಕಳಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎಲ್ಲದಕ್ಕೂ ಯಾಕೆ ಎಂದು ಕೇಳುವ ನಾನು ಅದಕ್ಕೆ ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಬಸ್‌ಸ್ಟ್ಯಾಂಡಿನ ಆ ಗದ್ದಲದಲ್ಲಿ ನನಗೆ ಬಹಳ ನಾಚಿಕೆಯಾಯಿತು.

"ಮಾಫ್ ಮಾಡ್ರಿ," ಎಂದೆ. "ಇದಕ್ಕ ನನ್ಹತ್ರ ಬ್ಯಾರೆ ಮಾತಿಲ್ಲ."

ಬಸ್ಸು ಬಂತು. ಜನ ನುಗ್ಗಿದರು. ಅವರು ಹತ್ತಲಿಲ್ಲ.

"ಮೊಣಕೈಗಿ ಏನಾಗ್ಯಾದ್ರಿ?" ಎಂದರು.

"ಬಿದ್ದೆ. ಕಾಲಿಗಿ ಸ್ಕೇಲ್ ಕಟ್ಟಿಕೊಂಡು ನಿಮ್ಮಂಗ ಕೂಡಾಕ ಹೋಗಿ."

ಅವರು ನನ್ನನ್ನು ನೋಡುತ್ತಲೇ ಇದ್ದರು. ಕಣ್ಣು ಮೆಲ್ಲಗೆ ಕಿರಿದಾಯಿತು. "ಎಷ್ಟು ಸಲ ಬಿದ್ರಿ?"

"ಮೂರು."

"ನಾ ಹನ್ನೊಂದು ಸಲ ಬಿದ್ದಿದ್ದೆ. ಭಾಳ ಶಾಣ್ಯಾರಿದ್ದೀರಿ."

"ಕೂಡಾಕ ಬಂತು. ಏಳೂದು ಹ್ಯಾಂಗ ಅನ್ನೂದು ಬರವಲ್ದು. ಕಲಸ್ರಿ."

"ಕಲ್ತು ಏನ್ ಮಾಡ್ತೀರಿ?"

"ಕ್ಲಾಸ್ ಹೊಸದಾಗಿ ಕಟ್ತೇನಿ. ನಿಮ್ಮಿಂದ ಶುರು ಮಾಡಿ."

ಬಸ್ಸು ಹೋಗಿಬಿಟ್ಟಿತು. "ಸಂಜಿಕ ಐದಕ್ಕ ಬರ್ತೇನಿ," ಎಂದರು, ಹೋದ ಬಸ್ಸನ್ನು ನೋಡುತ್ತ.

ಮೂರು ಸಂಜೆ ಕೂತು ಕ್ಲಾಸು ಕಟ್ಟಿದೆವು. ಭವನದ ಕೀಲಿ ಕುಬ್ರಾಬೇಗಂ ಹತ್ತಿರ ಇತ್ತು. ಅವರು ಕಿಟಕಿಯ ಬಳಿ ಜಂಪರಿಗೆ ಹುಕ್ ಹಚ್ಚುತ್ತ ಕೂರುತ್ತಿದ್ದರು, ನಮ್ಮ ಮರ್ಯಾದೆಗೆ ಕಾವಲಾಗಿ.

"ಕ್ಲಾಸಿನ್ಯಾಗ ಚುರುಕಿದ್ದ ಹುಡುಗರಿಗಿ ಎರಡು ಲೆಕ್ಕ ಹೆಚ್ಚಿಗಿ ಕೊಡ್ತೇನಿ," ಎಂದರು ಮಾಸ್ತರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ. "ನಿಧಾನ ಇದ್ದವರು ಒಂದೇ ಮಾಡ್ತಾರ. ಗಂಟಿ ಮಾತ್ರ ಎಲ್ಲಾರಿಗೂ ಒಂದೇ ಸಲ ಹೊಡೀತದ."

ಅಷ್ಟು ಸಾಕಾಯಿತು. ಹೊರಡುವುದು ಒಂದೇ ಕಡೆಯಿಂದ, ಸೇರುವುದು ಒಂದೇ ಕಡೆಗೆ, ನಡುವೆ ನಾಲ್ಕು ಉಸಿರು. ಆ ನಾಲ್ಕು ಉಸಿರಿನಲ್ಲಿ ಮಾಸ್ತರು ಅರ್ಧ ವೃತ್ತ ಬರೆದು ಕೂರುತ್ತಾರೆ. ಮರಿಲಿಂಗಮ್ಮ ಮತ್ತು ಅವರ ಓಣಿಯವರು ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಎರಡೂ ಬದಿಗೆ ತಿರುಗಿ ಆಮೇಲೆ ಕೂರುತ್ತಾರೆ. ಕುಬ್ರಾಬೇಗಂ ಅಂಗೈ ಬದಲು ಮೊಣಕೈ ಊರುತ್ತಾರೆ. ಕಾಕಾ ಕಾಲು ಅಗಲಿಸಿ, ಕುರ್ಚಿ ಹಿಡಿದು, ಹೊಟ್ಟೆಗೆ ಜಾಗ ಮಾಡಿಕೊಂಡು ಇಳಿಯುತ್ತಾರೆ. ನಾಲ್ಕನೆಯ ಉಸಿರಿಗೆ ಎಲ್ಲರೂ ನೆಲದ ಮೇಲೆ. ಕಾಯುವವರೂ ಇಲ್ಲ, ಹಿಂದೆ ಬೀಳುವವರೂ ಇಲ್ಲ. ಸಂಜೆ ಕಟ್ಟಿದ್ದನ್ನು ಮರುದಿನ ಬೆಳಿಗ್ಗೆ ಕ್ಲಾಸಿನಲ್ಲಿ ಅವರವರಿಗೆ ಹೇಳಿಕೊಟ್ಟೆ.

"ಒಂದು ಉಸಿರು ಎಷ್ಟುದ್ದ ಇರಬೇಕು?" ಎಂದು ಕೇಳಿದೆ ಮೂರನೆಯ ಸಂಜೆ.

"ನೀವು ಸುಮ್ಮ ಕೂಡ್ರಿ. ನಾ ಎಣಸ್ತೇನಿ."

ಕೂತೆ. ಅವರು ಎದುರಿಗೆ ಕೂತು ವಾಚು ಹಿಡಿದರು. ಕಿಟಕಿಯ ಬಿಸಿಲು ಅವರ ಕೆನ್ನೆಯ ಒಂದು ಬದಿಗೆ ಬಿದ್ದಿತ್ತು. ವಾಚು ನೋಡಬೇಕಾದವರು ನನ್ನ ಮುಖ ನೋಡಿದರು, ಮತ್ತೆ ವಾಚು ನೋಡಿದರು, ಮತ್ತೆ ಮುಖ. ನನಗೆ ಉಸಿರು ತೆಗೆದುಕೊಳ್ಳುವುದು ಹೇಗೆ ಎಂಬುದೇ ಮರೆತುಹೋಯಿತು.

"ನಿಮಿಷಕ್ಕ ಇಪ್ಪತ್ತೆರಡು," ಎಂದರು. "ಯೋಗದ ಟೀಚರಿಗಿ ಜರಾ ಹೆಚ್ಚಾತಲ್ರಿ?"

"ನೀವು ಎದುರಿಗಿ ಕುಂತ್ರ ಹಂಗೇ ಆಗ್ತದ."

ಬಾಯಿಂದ ಬಿದ್ದ ಮೇಲೆಯೇ ಏನಂದೆ ಎಂಬುದು ನನಗೆ ಗೊತ್ತಾಯಿತು. ಅವರು ತಲೆ ತಗ್ಗಿಸಿ ಸೀಮೆಸುಣ್ಣವನ್ನು ಸುಮ್ಮನೆ ಪುಡಿ ಮಾಡಿದರು. ಕಿವಿ ಕೆಂಪಗಾಗಿತ್ತು. ಅತ್ತ ಕುಬ್ರಾಬೇಗಂ ಹಲ್ಲಿನಿಂದ ದಾರ ಕಡಿದರು.

"ನನಗ ಕಿವಿ ಜರಾ ಕಮ್ಮಿ ಕೇಳ್ತಾವ ಬೇಟಿ," ಎಂದರು. "ನಿಮ್ಮ ಮಾತು ನಡೀಲಿ."

ನಡೆಯಲಿಲ್ಲ. ಇಬ್ಬರೂ ಗಾಬರಿಯಾಗಿ ಎದ್ದು ಎರಡು ದಿಕ್ಕಿಗೆ ಹೋದೆವು.

ತಪಾಸಣೆಯ ದಿನ ಮಾಸ್ತರು ಬಂದು ಮುಂದಿನ ಸಾಲಿನ ನಡುವೆ ಚಾಪೆ ಹಾಸಿದರು. ಯಾದಗಿರಿಯ ಮೇಡಂ ಕುರ್ಚಿಯಲ್ಲಿ ಫೈಲು ಹಿಡಿದು ಕೂತರು. ನಾನು ವೇದಿಕೆಯಿಂದ ಇಳಿದು ಎಲ್ಲರ ನಡುವೆ ನಿಂತೆ.

"ಇವತ್ತು ನನ್ನ ನೋಡಬ್ಯಾಡ್ರಿ. 'ಒಂದು' ಅಂದ ಕೂಡ್ಲೇ ಮಾಸ್ತರ ಜೋಡಿ ಹೊಂಡ್ರಿ. ನಿಮ್ಮ ನಿಮ್ಮ ದಾರೀಲೇ ಬರ್ರಿ," ಎಂದೆ.

ಹೊರಟೆವು. ಹನ್ನೊಂದು ಮೈ ಹನ್ನೊಂದು ಥರ ಇಳಿದು, ನಾಲ್ಕನೆಯ ಉಸಿರಿಗೆ ಒಟ್ಟಿಗೆ ಕೂತಾಗ ಭವನದಲ್ಲಿ ಒಂದೇ ಸದ್ದಾಯಿತು. ಎದ್ದೆವು, ತಿರುಗಿದೆವು, ಮತ್ತೆ ಇಳಿದೆವು. ಕಾಕಾ ಕೂಡ ಕೆಮ್ಮುವುದನ್ನು ಮರೆತಿದ್ದರು. ನಲವತ್ತು ನಿಮಿಷ ಯಾವಾಗ ಮುಗಿಯಿತೋ ನನಗೆ ಗೊತ್ತಾಗಲಿಲ್ಲ.

"ಚೆನ್ನಾಗಿದೆ," ಎಂದರು ಮೇಡಂ. "ಇನ್ನು ಆರು ತಿಂಗಳು ನಡೆಸಿ. ಆದರೆ ಈ ಸರ್ ಹಿಂದೆ ನಿಂತಿದ್ದರೆ ಫೋಟೋ ಇನ್ನೂ ಚೆನ್ನಾಗಿ ಬರ್ತಿತ್ತು."

"ಕ್ಲಾಸು ಅವರ ಉಸಿರಿನ ಮ್ಯಾಲ ಕಟ್ಟೇನ್ರಿ ಮೇಡಂ," ಎಂದೆ. "ಅವರು ಎಲ್ಲಿಗೂ ಹೋಗೂದಿಲ್ಲ."

ಹೇಳಿದ ರೀತಿ ಸ್ವಲ್ಪ ಹೆಚ್ಚಾಯಿತೇನೋ. ಮರಿಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಲ್ಲಣ್ಣ ಕಾಕಾ ನಗಲಿಲ್ಲ. ಮೇಡಂ ಜೀಪು ಹೋಗುವ ತನಕ ಕಾದು, ಬಾಗಿಲಲ್ಲಿ ಅಡ್ಡ ನಿಂತರು.

"ಭುವನಾ, ಮನಿಗಿ ನಡಿ. ಈ ಮಾಸ್ತರ ಜೋಡಿ ಮಾತು ಭಾಳ ಆತು."

ಈಗ ಸುಮ್ಮನಾದರೆ ಆ ಮನುಷ್ಯನನ್ನು ಇನ್ನೊಮ್ಮೆ ಹಿಂದಕ್ಕೆ ಕಳಿಸಿದಂತೆ, ಮತ್ತೆ ಕರೆತರಲು ಯಾವ ಬಸ್‌ಸ್ಟ್ಯಾಂಡಿಗೂ ಹೋಗುವ ಮುಖ ಇರುವುದಿಲ್ಲ.

"ನೀವು ನಡೀರಿ ಕಾಕಾ. ನಾ ಇವರ ಜೋಡಿ ಬರ್ತೇನಿ."

"ಎಲ್ಲಿಗಿ?"

"ಮನಿಗೇ."

ಕಾಕಾ ಚಪ್ಪಲಿ ಮೆಟ್ಟಿ ಹೊರಟರು. ಎರಡು ತಿಂಗಳ ಕ್ಲಾಸಿನಲ್ಲಿ ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ನಾವಿಬ್ಬರೂ ಬಜಾರಿನಲ್ಲಿ ಹೊರಟೆವು. ಅಂಗಡಿಗಳು ಆಗಷ್ಟೇ ತೆರೆಯುತ್ತಿದ್ದವು. ಬಾಗಿಲು ಎತ್ತುತ್ತಿದ್ದವರು ಅರ್ಧಕ್ಕೆ ಕೈ ಬಿಟ್ಟು ನಮ್ಮನ್ನು ನೋಡಿದರು. ಮಾಸ್ತರು ನಿಧಾನ ನಡೆಯುತ್ತಾರೆ, ಆದ್ದರಿಂದ ಎಲ್ಲರೂ ಸಮಾಧಾನವಾಗಿ ನೋಡಿದರು.

"ಕಾಕಾ ಮೊದಲ ಮುಟ್ಟಿ ಎಲ್ಲಾ ಹೇಳ್ತಾರ," ಎಂದೆ. "ಚೊಲೋ ಆತು. ನನಗ ಅರ್ಧ ಕೆಲಸ ಉಳೀತು."

"ಇನ್ನರ್ಧ?"

"ಇನ್ನರ್ಧ ನಿಮಗ ಹೇಳೂದದ. ನನಗ ನೀವು ಬೇಕು. ಕ್ಲಾಸಿಗಲ್ಲ. ದಿನಾ ಬೇಕು, ಇರೂ ತನಕಾ ಬೇಕು."

ಅವರು ರಸ್ತೆಯ ನಡುವೆ ನಿಂತುಬಿಟ್ಟರು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದು, ಬಯ್ದು, ಸುತ್ತಿ ಹೋದ.

"ಭುವನೇಶ್ವರಿ," ಎಂದರು. ಮೇಡಂ ಬಿಟ್ಟು ಹೆಸರು ಹಿಡಿದದ್ದು ಅದೇ ಮೊದಲು. "ನನಗೂ ನೀವು ಬೇಕು. ಎಷ್ಟು ಅಂತ ಹೇಳಾಕ ನನ್ನ ಗಣಿತ ಸಾಲೂದಿಲ್ಲ. ಆದರ ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ನನ್ನ ಎಲ್ಲಿ ಕೂಡಸ್ತೀರಿ?"

"ಒಳಗ. ನಾ ಕೂಡೂ ಕಡಿ, ನನ್ನ ಬಾಜೂಕ."

"ಕೂಡಾಕ ಬಿಡಲಿಲ್ಲಂದ್ರ?"

"ಇಬ್ರೂ ಎದ್ದು ಬರೂನು."

"ನನಗ ಏಳಾಕ ಭಾಳ ಹೊತ್ತು ಹಿಡೀತದ," ಎಂದರು. ಕಣ್ಣು ಕಿರಿದಾಗತೊಡಗಿತ್ತು.

"ಹಿಡೀಲಿ. ನನಗೇನು ಅವಸರ ಅದ?"

ಅವರು ಬಜಾರಿನ ನಡುವೆ ತಲೆ ಎತ್ತಿ ನಕ್ಕರು. ನಾನು ಅವರ ಕೈ ಹಿಡಿದೆ. ಇಡೀ ಶಹಾಪುರ ನೋಡಿರಬೇಕು.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಕಾನ ದನಿ ಜೋರಾಗಿತ್ತು, ಅಪ್ಪನ ದನಿ ಅದಕ್ಕಿಂತ ಜೋರಾಗಿತ್ತು. ಮೆಟ್ಟಿಲ ಬಳಿ ಮಾಸ್ತರು ನನ್ನ ಭುಜ ಹಿಡಿದು ಒಂದೊಂದೇ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. ಒಳಗಿನ ದನಿಗಳು ನಿಂತವು. ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟಿದೆವು.